ಚುಕ್ಕಿ ಮಂದಿ

ದೋಸ್ತ ಗೌತಮಾ,

ಹೇಗಿದ್ದೀ ಅಂತ ಕೇಳುವುದಿಲ್ಲ. ಸತ್ತವನ ಕ್ಷೇಮ ವಿಚಾರಿಸುವಷ್ಟು ಪೆದ್ದ ನಾನಲ್ಲ. ನನ್ನ ಕ್ಷೇಮ ಹೇಳುತ್ತೇನೆ, ಕೇಳು: ಕೆಳದವಡೆ ಮುರಿದಿದೆ, ತಂತಿ ಹಾಕಿ ಬಿಗಿದಿದ್ದಾರೆ, ಗಂಜಿಯನ್ನು ನಳಿಗೆಯಲ್ಲಿ ಹೀರುತ್ತಿದ್ದೇನೆ. ಮಾತು ಮಾರಿ ಬದುಕಿದವನ ಬಾಯಿಯನ್ನೇ ಕಟ್ಟಿಹಾಕಿದರೆ ಅವನು ಮತ್ತೇನು ಮಾಡಬೇಕು? ಪತ್ರ ಬರೆಯಬೇಕು. ಈ ದವಡೆ ಹೇಗೆ ಮುರಿಯಿತು ಎನ್ನುವುದೇ ನಿನಗೆ ಮುಟ್ಟಬೇಕಾದ ಸುದ್ದಿ. ಅದಕ್ಕೂ ಮುಂಚೆ ಹಿಂದಿನದ್ದನ್ನೆಲ್ಲ ಒಮ್ಮೆ ತಿರುವಿ ಹಾಕುತ್ತೇನೆ. ನೀನು ಎಲ್ಲಿಗೆ ಬಿಟ್ಟುಹೋದೆ ಎನ್ನುವುದು ನಿನಗೇ ಸರಿಯಾಗಿ ನೆನಪಿರಲಿಕ್ಕಿಲ್ಲ. ತಲೆಗೆ ಪೆಟ್ಟು ಬಿದ್ದಿತ್ತಲ್ಲ. ಮತ್ತೆ ಇನ್ನೊಂದು, ಇದನ್ನು ನಿನ್ನ ತಂಗಿ ಸುಜಾತಾ ನಿಮ್ಮವ್ವನಿಗೆ ಓದಿ ಹೇಳಲಿದ್ದಾಳೆ. ನಿನಗೆ ಗೊತ್ತಿದ್ದದ್ದನ್ನೂ ನಾನು ಬಿಡಿಸಿ ಬರೆದರೆ ಅದು ನಿಮ್ಮವ್ವನ ಸಲುವಾಗಿ. ಬೇಜಾರಾಗಬೇಡ.

ಆಳಂದದಿಂದ ಅಫಜಲಪುರಕ್ಕೆ ಹೋಗುವ ಆ ಬಸ್ಸು ನೆನಪಿದೆಯಾ? ಮಾದನಹಿಪ್ಪರಗಾದ ನಾನು ಬಸ್ಸಿನೊಳಗೆ ಮೊಬೈಲ್ ಕವರು, ಇಯರ್‌ಫೋನು ಮಾರುತ್ತಿದ್ದೆ. ನಿಂಬರ್ಗಾದ ನೀನು ಮುಂದಿನ ಸೀಟಿನಲ್ಲಿ ಕೂತಿದ್ದೆ. ಬಿಳಿ ಅಂಗಿಯವನೊಬ್ಬ ಹತ್ತಿದವನೇ ನಿನ್ನ ಮುಖ ನೋಡಿ, ಗುರುತು ಹಿಡಿದು, “ಏಳಲೇ ಮ್ಯಾಲ” ಅಂದ. “ಟಿಕೇಟ್ ತಗೊಂಡೀನ್ರಿ” ಅಂದೆ ನೀನು. “ಯಾರ ಮುಂದ ಕುಂತೀ ಗೊತ್ತದೇನು?” “ಡ್ರೈವರನ ಹಿಂದ ಕುಂತೀನ್ರಿ. ಯಾರ ಮುಂದಂತ ನೋಡಿಲ್ಲ.” ಅವನು ಹೊಡೆದ. ಕನ್ನಡಕ ಹಾರಿ ನನ್ನ ಕವರಿನ ಚೀಲದ ಮೇಲೆ ಬಿತ್ತು. ನೀನು ಎದ್ದು ಬಂದು ಕನ್ನಡಕ ಎತ್ತಿಕೊಂಡು, ಅಂಗಿಯ ತುದಿಯಿಂದ ತುಟಿಯ ರಕ್ತ ಒರೆಸಿ, ಹೋಗಿ ಅದೇ ಸೀಟಿನಲ್ಲಿ ಕೂತೆ. ಅವನು ಮತ್ತೆ ಹೊಡೆದ. ನೀನು ಮತ್ತೆ ಕೂತೆ. ಕೊನೆಗೆ ಹೊಡೆದವನೇ ಬೇಸತ್ತು ಮುಂದಿನ ಊರಿನಲ್ಲಿ ಇಳಿದುಹೋದ. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ: ಈ ಮನುಷ್ಯನಿಗೆ ವ್ಯಾಪಾರ ಬರುವುದಿಲ್ಲ, ಆದರೆ ಕೂತ ಜಾಗ ಬಿಡುವುದಿಲ್ಲ. ನನಗೆ ವ್ಯಾಪಾರ ಬರುತ್ತದೆ, ಕೂರುವುದಕ್ಕೆ ಜಾಗವಿಲ್ಲ. ಇಬ್ಬರನ್ನೂ ಕೂಡಿಸಿದರೆ ಒಂದು ಅಂಗಡಿಯಾಗುತ್ತದೆ.

ಅಂಗಡಿಯಾಯಿತು ಕೂಡ. ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ, ಒಂದೇ ಶೆಟರಿನದು. ಮೂರು ತಾಲೂಕಿನ ಜಾಹೀರಾತಿಗೆ ಒಂದು ವೆಬ್ ಪುಟ. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ತೊಗರಿ ಬೀಜ, ಬಾಡಿಗೆ ಗಾಡಿ, ಕಳೆದುಹೋದ ಎಮ್ಮೆ. ಗಿರಾಕಿ ಹಿಡಿದು ತಂದು ಫೋಟೋ ಏರಿಸುವುದು ನನ್ನ ಕೆಲಸ. ಪುಟ ಕಟ್ಟುವುದು, ಏರಿಸಿದ್ದನ್ನು ಅಳಿಸುವುದು ನಿನ್ನ ಕೆಲಸ. ಅಳಿಸುವ ಪಾಸ್‌ವರ್ಡ್ ನಿನ್ನ ತಲೆಯೊಳಗೆ ಮಾತ್ರ ಇತ್ತು. ಹೊಸದಾಗಿ ಏರಿಸಿದ್ದು ಮೇಲೆ ಬರುತ್ತಿತ್ತು, ಹಳೆಯದು ಕೆಳಗೆ ಸರಿಯುತ್ತಿತ್ತು. ನನ್ನನ್ನು ಪಕ್ಕ ಕೂರಿಸಿಕೊಂಡು ಜಾವಾಸ್ಕ್ರಿಪ್ಟ್ ಕಲಿಸಿದ ದಿನ ನೀನು ಹೇಳಿದ ಮೊದಲ ಮಾತೇ ಹೊಡೆದಾಟದ್ದು. “ಲೇ ಶಿವ್ಯಾ, ಮೊದ್ಲ ಹಿಡೀಬೇಕು, ಆಮ್ಯಾಲ ಹೊಡೀಬೇಕು. ಹಿಡೀಲಾರ್ದ ಹೊಡದ್ರ ಗಾಳ್ಯಾಗ ಗುದ್ದಿದಂಗ.”

ಹಿಡಿಯುವುದು ಹೇಗೆ ಅಂತ ಕೇಳಿದೆ. ಪುಟದ ಮೇಲಿನ ಪ್ರತಿ ಜಾಹೀರಾತೂ ಒಂದು ಡಬ್ಬಿ ಅಂದೆ ನೀನು. ಒಂದೇ ಡಬ್ಬಿಯನ್ನು ಹಿಡಿಯಬೇಕಾದರೆ ಅದಕ್ಕೆ ಐಡಿ ಇರಬೇಕು, ಅದು ಇನ್ನಾರಿಗೂ ಇರಬಾರದು. ಗುಂಪನ್ನು ಹಿಡಿಯಬೇಕಾದರೆ ಗುಂಪಿನ ಕ್ಲಾಸ್ ಹೆಸರು, ಅದರ ಮುಂದೊಂದು ಚುಕ್ಕಿ. ‘ಕ್ವೆರಿ ಸೆಲೆಕ್ಟರ್’ ಅಂದರೆ ಗುಂಪಿನಲ್ಲಿ ಮೊದಲು ನಿಂತವನು ಸಿಗುತ್ತಾನೆ. ಕೊನೆಗೆ ‘ಆಲ್’ ಸೇರಿಸಿದರೆ ಗುಂಪಿಗೆ ಗುಂಪೇ. ನೀನು ಮನುಷ್ಯರ ಮುಖ ಇರುವ ಡಬ್ಬಿಗಳಿಗೆಲ್ಲ ಒಂದೇ ಕ್ಲಾಸ್ ಇಟ್ಟಿದ್ದೆ, ಅದನ್ನೂ ಕನ್ನಡದಲ್ಲೇ ಬರೆದಿದ್ದೆ: ಚುಕ್ಕಿ ಮಂದಿ. ನನ್ನ ವ್ಯಾಪಾರದ ಬುದ್ಧಿ ಸುಮ್ಮನಿರಲಿಲ್ಲ.

“ಸಾವಕಾರ್ರಿಗೆ, ಲೀಡರ್‌ಗೋಳಿಗೆ ಒಂದೊಂದ ಐಡಿ ಕೊಡಲೇ. ದೊಡ್ಡ ಗಿರಾಕಿ ಅವ್ರು.”

“ಯಾಕ, ಅವ್ರು ಮಂದಿ ಅಲ್ಲೇನು?”

“ಮಂದಿನ, ಖರೇ. ಆದ್ರ...”

“ಆದ್ರ ಏನಲೇ? ಹೊರಗ ಹ್ಯಾಂಗೂ ಬ್ಯಾರೆ ಬ್ಯಾರೆ ಕುಂದ್ರತಾರ. ನನ್ನ ಪುಟದಾಗರ ಒಂದ ಸಾಲಿನ್ಯಾಗ ಕುಂದ್ರಲಿ.”

ಮರೆ ಮಾಡುವುದರಲ್ಲಿ ಎರಡು ಬಗೆ ಅಂತ ಕಲಿಸಿದ್ದೂ ಅವತ್ತೇ. ‘ಡಿಸ್‌ಪ್ಲೇ ನನ್’ ಅಂತ ಬರೆದರೆ ಮುಖವೂ ಹೋಯಿತು, ಜಾಗವೂ ಹೋಯಿತು. ಕೆಳಗಿನವರು ಮೇಲಕ್ಕೆ ಸರಿದು ಕೂತುಬಿಡುತ್ತಾರೆ, ಅಲ್ಲೊಬ್ಬ ಇದ್ದ ಎನ್ನುವ ಗುರುತೂ ಉಳಿಯುವುದಿಲ್ಲ. ‘ವಿಸಿಬಿಲಿಟಿ ಹಿಡನ್’ ಅಂದರೆ ಹಾಗಲ್ಲ. ಮುಖ ಕಾಣುವುದಿಲ್ಲ, ಆದರೆ ಅವನ ಜಾಗ ಖಾಲಿಯಾಗಿ ಅವನಿಗೇ ಕಾದಿರುತ್ತದೆ. ಎರಡರಲ್ಲೂ ಡಬ್ಬಿ ಸಾಯುವುದಿಲ್ಲ. “ಕಾಣಂಗಿಲ್ಲ, ಆದ್ರ ಅದ” ಅಂದೆ ನೀನು. ನಾನು ಆಕಳಿಸಿದೆ. ಈ ಮಾತಿನ ಮೇಲೆ ಎಷ್ಟು ರಕ್ತ ಬೀಳಲಿದೆ ಅಂತ ಯಾರಿಗೆ ಗೊತ್ತಿತ್ತು?

ನಾಗಮ್ಮ ಅಂಗಡಿಯ ಮೆಟ್ಟಿಲೇರಿದ ಬೆಳಗು ನಿನಗೆ ನೆನಪಿದ್ದೇ ಇರುತ್ತದೆ. ಜೇವರ್ಗಿ ತಾಲೂಕಿನ ಕೊಳಕೂರಿನಿಂದ ಬಂದಿದ್ದಳು. ಮಗ ಯಲ್ಲಾಲಿಂಗನ ಫೋಟೋ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದಳು. ಆ ಭಾಗದ ಮರಳಿನ ಸಾವಕಾರನ ಆಳುಗಳು ಭೀಮೆಯ ಪಾತ್ರದಲ್ಲಿ ಮರಳು ತೋಡುತ್ತಿದ್ದರು. ಕುಣಿಯ ಗೋಡೆ ಕುಸಿದು, ಅಲ್ಲಿ ಕೂಲಿಗೆ ಹೋಗಿದ್ದ ಆ ಹುಡುಗ ಒಳಗೇ ಹೂತುಹೋಗಿದ್ದ. “ಕಾಗದದಾಗ ಟ್ರ್ಯಾಕ್ಟರ್ ಉಳ್ಳಿಬಿದ್ದು ಸತ್ತ ಅಂತ ಬರದಾರ, ಯಪ್ಪಾ. ನನ್ನ ಮಗಗ ಟ್ರ್ಯಾಕ್ಟರ್ ಹೊಡ್ಯಾಕ ಬರತಿದ್ದಿಲ್ಲ.” ನಾನು ಎಂದಿನ ಮಾದರಿ ತೆಗೆದು ತೋರಿಸಿದೆ. ದೀಪ, ಹೂವಿನ ಚೌಕಟ್ಟು, ಕೆಳಗೆ ‘ಅಕಾಲಿಕ ನಿಧನ’.

“ಅಕಾಲಿಕ ಅಂದ್ರೇನೋ ಯಪ್ಪಾ?”

“ವ್ಯಾಳ್ಯಾ ಬರೂಕಿಂತ ಮೊದ್ಲ ಸತ್ತ ಅಂತ ಅರ್ಥ, ಯವ್ವಾ.”

“ಹಂಗಾದ್ರ ವ್ಯಾಳ್ಯಾ ತಂದವನ ಹೆಸರ ಹಾಕು.”

ನಾನು ನಿನ್ನ ಮುಖ ನೋಡಿದೆ, ಬೇಡ ಅನ್ನು ಎಂಬಂತೆ. ನೀನು ನನ್ನ ಕೈಯಿಂದ ಕೀಬೋರ್ಡ್ ಎಳೆದುಕೊಂಡು ಟೈಪ್ ಮಾಡಿದೆ: ಸಾವಕಾರರ ಮರಳಿನ ಕುಣಿಯಲ್ಲಿ ಮಣ್ಣು ಕುಸಿದು ತೀರಿಕೊಂಡ ನಮ್ಮ ಯಲ್ಲಾಲಿಂಗ. ಸಾವಕಾರನ ಪೂರ್ತಿ ಹೆಸರೂ ಹಾಕಿದೆ. ನಾನು ಇಲ್ಲಿ ಹಾಕುವುದಿಲ್ಲ. ಕೇಸು ನಡೆದಿದೆ, ವಕೀಲರು ಬೇಡ ಅಂದಿದ್ದಾರೆ.

ಮರುದಿನ ಸಾವಕಾರನ ಹುಟ್ಟುಹಬ್ಬ. ಅವನ ಬಲಗೈ ಬಂಟ ಪರಶ್ಯಾ ಕಳಿಸಿದ ಬ್ಯಾನರನ್ನು ಏರಿಸಿದವನು ನಾನೇ, ಅದು ನನ್ನ ದಂಧೆ. ಕಪ್ಪು ಕನ್ನಡಕ, ಕೈ ಮುಗಿದ ಭಂಗಿ, ತಲೆಯ ಸುತ್ತ ಪ್ರಭಾವಳಿ, ‘ಬಡವರ ಬಂಧು’. ಹೊಸದು ಮೇಲೆ, ಹಳೆಯದು ಕೆಳಗೆ. ಸಾವಕಾರನ ಪಾದದ ಕೆಳಗೇ ಯಲ್ಲಾಲಿಂಗ ಬಂದು ಕೂತ. ಪರಶ್ಯಾ ಆ ಲಿಂಕನ್ನು ಮೂರು ತಾಲೂಕಿಗೂ ಹಂಚಿದ. ಶುಭಾಶಯ ಹೇಳಲು ತೆರೆದವರೆಲ್ಲ ಬೆರಳು ಇಷ್ಟು ಸರಿಸಿದರೆ ಸಾಕು, ಹೆಣ. ಇದು ಯಾರ ಸಂಚೂ ಅಲ್ಲ ಕಣೋ, ಪುಟದ ಕ್ರಮ ಅಷ್ಟೇ. ಆದರೆ ಅದನ್ನು ಕಬ್ಬಿಣದ ರಾಡು ಹಿಡಿದು ಬಂದವರಿಗೆ ಹೇಗೆ ತಿಳಿಸುವುದು?

ಆ ಮಧ್ಯಾಹ್ನ ಸುಡುವ ಬಿಸಿಲು. ನೀನು ಸಜ್ಜಿ ರೊಟ್ಟಿಯ ಬುತ್ತಿ ಬಿಚ್ಚುತ್ತಿದ್ದೆ. ಜೀಪು ಬಂದು ನಿಂತ ಸದ್ದಾಯಿತು. ಮೊದಲ ರಾಡು ಪ್ರಿಂಟರಿಗೆ, ಎರಡನೆಯದು ಗಾಜಿನ ಬೀರುವಿಗೆ, ಮೂರನೆಯದು ಬುತ್ತಿಗೆ. ರೊಟ್ಟಿಯ ಮೇಲೆ ಗಾಜಿನ ಚೂರು. “ಇದನ್ನ ಹಾಕಿದಾಂವ ಯಾವಲೇ?” ಅಂದ ಪರಶ್ಯಾ, ಫೋನು ನಮ್ಮ ಮುಖಕ್ಕೆ ಹಿಡಿದು. ನಾನು ಬಾಯಿ ತೆರೆಯುವ ಮುಂಚೆಯೇ “ನಾನ” ಅಂದೆ ನೀನು. ಬಸ್ಸಿನಲ್ಲಿ ಅಂದಂತೆಯೇ, ಟಿಕೇಟ್ ತಗೊಂಡೀನ್ರಿ ಅಂದಷ್ಟೇ ಸಲೀಸಾಗಿ. ರಾಡು ನಿನ್ನ ಮೊಣಕಾಲಿಗೆ ಬಿತ್ತು. ನೀನು ಕುಸಿದೆ.

“ಅದು ಕಾಣಬಾರ್ದು. ಜಲ್ದಿ.”

“ಮೊದ್ಲ ನಿಮ್ಮ ಸಾವಕಾರ ಆ ಕುಣಿ ಮುಚ್ಚಲಿ.”

ನಿನ್ನನ್ನು ಹೊಸ್ತಿಲಿಗೆ ಎಳೆದರು. ಬಲಗೈಯನ್ನು ಹೊಸ್ತಿಲ ಕಬ್ಬಿಣದ ಪಟ್ಟಿಯ ಮೇಲೆ ಚಾಚಿಸಿ ಇಬ್ಬರು ಹಿಡಿದರು, ಮೂರನೆಯವನು ಶೆಟರಿಗೆ ಜೋತುಬಿದ್ದು ಕೆಳಕ್ಕೆ ಎಳೆದು, ಮತ್ತೆ ಮೇಲೆತ್ತಿದ. ಆ ಶೆಟರು ದಿನಾ ಬೆಳಗ್ಗೆ ನಮ್ಮ ಗಲ್ಲಿಯನ್ನೇ ಎಬ್ಬಿಸುತ್ತಿತ್ತು, ಗೊತ್ತಲ್ಲ? ಅವತ್ತು ಅದರ ಗದ್ದಲದೊಳಗೂ ಎಲುಬಿನ ಸದ್ದು ನನಗೆ ಬೇರೆಯಾಗಿ ಕೇಳಿಸಿತು. ಹಸಿ ಕಬ್ಬಿನ ಗಳ ಮುರಿದ ಹಾಗೆ. ನೀನು ಕೂಗಿದ್ದಕ್ಕೆ ಎದುರಿನ ಚಹಾದಂಗಡಿಯವನು ತನ್ನ ಶೆಟರನ್ನೂ ಎಳೆದುಕೊಂಡ, ಒಳಗಿನಿಂದ.

ಪರಶ್ಯಾ ನನ್ನ ಕತ್ತು ಹಿಡಿದು, ಒಡೆಯದೆ ಉಳಿದಿದ್ದ ಒಂದೇ ಕಂಪ್ಯೂಟರಿನ ಮುಂದೆ ಕೂರಿಸಿದ. “ಅಂವ ಒಲ್ಲೆ ಅಂದ್ರ ನೀ ಮಾಡು.” ಅಳಿಸುವ ಪಾಸ್‌ವರ್ಡ್ ನನ್ನಲ್ಲಿಲ್ಲ. ಮರೆ ಮಾಡುವುದು ಗೊತ್ತು, ಅದೂ ಅರ್ಧ. ಕ್ವೆರಿ ಸೆಲೆಕ್ಟರ್, ಚುಕ್ಕಿ ಮಂದಿ, ಡಿಸ್‌ಪ್ಲೇ ನನ್. ಉಳಿಸಿದೆ. ಪರಶ್ಯಾ ತನ್ನ ಫೋನಿನಲ್ಲಿ ಪುಟ ತೆರೆದು ನೋಡಿದ. ಗುಂಪಿನಲ್ಲಿ ಮೊದಲು ನಿಂತವನು ಯಾರು? ಬಡವರ ಬಂಧು! ಅವನು ಮಾಯ. ಜಾಗ ಖಾಲಿ ಉಳಿಯದ ಮರೆ ಅದು. ಕೆಳಗಿದ್ದ ಯಲ್ಲಾಲಿಂಗ ಮೇಲಕ್ಕೆ ಸರಿದು ಸಾವಕಾರನ ಜಾಗದಲ್ಲಿ ಆರಾಮಾಗಿ ಕೂತುಬಿಟ್ಟಿದ್ದ.

“ಸಾವಕಾರ್ರು ಎಲ್ಲಿ ಹೋದ್ರಲೇ?” ನನ್ನ ಬೆನ್ನಿಗೆ ರಾಡು ಬಿತ್ತು.

ಆಗ ಹೊಸ್ತಿಲಲ್ಲಿ ಯಾರೋ ನಕ್ಕರು. ತಿರುಗಿ ನೋಡಿದರೆ ನೀನು. ಜಜ್ಜಿದ ಕೈ ಹೊಸ್ತಿಲ ಮೇಲೆ, ಮುಖ ಸುಣ್ಣ, ಬಾಯಿಂದ ಜೊಲ್ಲು, ನಗು. ಮಾರಾಯಾ, ಅಂಥ ಹೊತ್ತಿನಲ್ಲಿ ನಗುವುದಾ? ನನಗೂ ನಗು ಬಂತು ಕಣೋ, ಬೆನ್ನು ಹರಿದುಹೋಗುತ್ತಿದ್ದರೂ. ಅವರಿಗೆ ಅದೇ ತಡೆಯಲಾಗಲಿಲ್ಲ. ನಾನು ಎರಡನೆಯ ಸಲ ‘ಆಲ್’ ಸೇರಿಸಿ ಬರೆದೆ. ಮುಖಗಳೆಲ್ಲ ಹೋದವು. ಸಾವಕಾರ, ಯಲ್ಲಾಲಿಂಗ, ಯಾರದೋ ಮದುವೆಯ ಜೋಡಿ, ಹತ್ತನೆಯ ತರಗತಿ ಪಾಸಾದ ಮಕ್ಕಳು, ಎಲ್ಲ. ಎಮ್ಮೆ ಉಳಿಯಿತು, ಅದು ಮಂದಿ ಅಲ್ಲವಲ್ಲ. ಪರಶ್ಯಾ ನಿನ್ನ ಹತ್ತಿರ ಕುಕ್ಕರುಗಾಲಲ್ಲಿ ಕೂತು, “ಆ ಸತ್ತಾವ್ನ ಒಬ್ಬನ್ನ ಹ್ಯಾಂಗ ಹಿಡಿಯೂದು, ಹೇಳು. ಹೇಳಿದ್ರ ಬಿಡ್ತೀನಿ” ಅಂದ. ನಿನಗೆ ಗೊತ್ತಿತ್ತು. ಒಂದು ಅಂಕಿ ಹಾಕಿದರೆ ಸಾಲಿನೊಳಗಿನ ಯಾರನ್ನು ಬೇಕಾದರೂ ಎಳೆದು ತೆಗೆಯಬಹುದು ಅಂತ ನನಗೆ ಆಮೇಲೆ ಸುಜಾತಾ ಹೇಳಿದಳು. ಅಷ್ಟು ಸಣ್ಣ ಸಂಗತಿ. ಹೇಳಿದ್ದರೆ ಬದುಕುತ್ತಿದ್ದೆ. ಹೇಳಿದ್ದರೆ...

“ಎಲ್ಲಾರೂ ಮಂದಿನ” ಅಂದೆ ನೀನು. ಪರಶ್ಯಾ ಎದ್ದು ನಿಂತು, ಎರಡೂ ಕೈಯಿಂದ ರಾಡು ಎತ್ತಿ...

ಜೀಪು ಹೋದ ಮೇಲೆ ಚಹಾದಂಗಡಿಯವನೇ ತನ್ನ ಟಂಟಂ ಗಾಡಿ ತಂದ. ನಿನ್ನ ತಲೆ ನನ್ನ ತೊಡೆಯ ಮೇಲೆ. ನನ್ನ ಪ್ಯಾಂಟು ಬೆಚ್ಚಗೆ ತೊಯ್ದು, ಆಮೇಲೆ ತಣ್ಣಗಾಗಿ, ಆಮೇಲೆ ಅಂಟುತ್ತ ಬಂತು. ಕಲಬುರಗಿಯ ದಾರಿಯಲ್ಲಿ ಚೌಡಾಪುರ ದಾಟಿದಾಗ ನೀನು ಒಮ್ಮೆ ಕಣ್ಣು ಬಿಟ್ಟೆ. “ಎಲ್ಲಾ ಹೋದ್ವೇನು?” ಅಂತ ಕೇಳಿದೆ. “ಹೋಗಿಲ್ಲೋ. ಕಾಣಂಗಿಲ್ಲ ಅಷ್ಟ, ಅವ” ಅಂದೆ ನಾನು. ನೀನು ತಲೆಯಾಡಿಸಿದೆಯೋ, ಗಾಡಿ ಅಲುಗಿತೋ, ಇವತ್ತಿಗೂ ಗೊತ್ತಿಲ್ಲ. ಆಸ್ಪತ್ರೆ ಮುಟ್ಟಿದಾಗ ನಿನ್ನನ್ನು ಇಳಿಸಿಕೊಳ್ಳಲು ಅವರು ಅವಸರ ಮಾಡಲಿಲ್ಲ. ಅದರಿಂದಲೇ ನನಗೆ ತಿಳಿಯಿತು.

ನಿಂಬರ್ಗಾದಲ್ಲಿ ನಿಮ್ಮವ್ವ ಬುದ್ಧನ ಪಟದ ಮುಂದೆ ಮೇಣಬತ್ತಿ ಹಚ್ಚಿ, ನನ್ನ ಕೈ ಹಿಡಿದು, “ಶೆಟರ್ ಬಿದ್ದು ಹೋದನಂತ ಹೇಳ್ತಾರಲ್ಲೋ ತಮ್ಮಾ, ಖರೇ ಏನು?” ಅಂತ ಕೇಳಿದಳು. ಪೊಲೀಸರ ಕಾಗದದಲ್ಲಿ ಹಾಗೇ ಬಂದಿತ್ತು. ಯಲ್ಲಾಲಿಂಗನಿಗೆ ಟ್ರ್ಯಾಕ್ಟರ್, ನಿನಗೆ ಶೆಟರ್. ಈ ಸಾವಕಾರನ ಸುತ್ತ ಕಬ್ಬಿಣ ತಾನೇ ಎದ್ದು ಮಂದಿಯ ಮೇಲೆ ಬೀಳುತ್ತದೆ ನೋಡು! ನಾನು ಹೇಳಿಕೆ ಕೊಟ್ಟೆ. ಕಂಡವರು ಬೇರೆ ಯಾರು ಅಂತ ಕೇಳಿದರು. ಚಹಾದಂಗಡಿಯವನ ಶೆಟರು ಮುಚ್ಚಿತ್ತಲ್ಲ? ಪರಶ್ಯಾ ಒಳಗೆ ಹೋದ ಹಾಗೆ ಮಾಡಿ ಹೊರಗೆ ಬಂದ. ನಮ್ಮ ಪುಟ ಮಾತ್ರ ಎಮ್ಮೆ, ತೊಗರಿ ಬೀಜ, ಬಾಡಿಗೆ ಗಾಡಿ ಇಟ್ಟುಕೊಂಡು ಮನುಷ್ಯರಿಲ್ಲದ ಊರಿನಂತೆ ಬಿದ್ದಿತ್ತು.

ನಾಗಮ್ಮ ಮತ್ತೆ ಬಂದಳು. ಒಡೆದ ಗಾಜನ್ನು ಗುಡಿಸಿ ಮೂಲೆಗೆ ಹಾಕಿದ್ದೆ, ಹೊಸ್ತಿಲು ತೊಳೆದಿದ್ದೆ, ಕಲೆ ಹೋಗಿರಲಿಲ್ಲ. ಅವಳು ಆ ಕಲೆಯನ್ನು ದಾಟದೆ ಹೊರಗೇ ಕೂತಳು. “ನನ್ನ ಮಗ ಎಲ್ಲಿದಾನೋ ಯಪ್ಪಾ, ಅದ್ರಾಗ?” “ಅದಾನ ಯವ್ವಾ. ಕಾಣಂಗಿಲ್ಲ ಅಷ್ಟ.” ನನ್ನ ಮಾತಿಗೆ ಗಿರಾಕಿಗಳು ತಲೆದೂಗುವುದನ್ನು ನೋಡಿದ್ದೇನೆ, ಬೈಯುವುದನ್ನು ನೋಡಿದ್ದೇನೆ. ಅವಳು ತನ್ನ ಎರಡೂ ಕೈ ಚಾಚಿ ತೋರಿಸಿದಳು. ಉಗುರುಗಳು ಬುಡದವರೆಗೆ ಕಿತ್ತುಹೋಗಿದ್ದವು. “ಕುಣಿಯಾಗೂ ಹಂಗ ಅಂದ್ರು. ಕಾಣಂಗಿಲ್ಲ ಬಿಡಬೇ, ಮ್ಯಾಲ ಇನ್ನೊಂದ್ ಗಾಡಿ ಮಣ್ಣ ಹಾಕೂಣು ಅಂದ್ರು. ನಾ ತೋಡಿದೆ. ನನ್ನ ಕೂಡ ಕೂಲಿಯವ್ರೂ ತೋಡಿದ್ರು. ಅಂವ ಅಲ್ಲೇ ಇದ್ದ. ಕಾಣಲಾರ್ದಂಗ ಇರೂದಂದ್ರೇನು ನನಗ ಹೇಳಬ್ಯಾಡ. ತೋಡೂದು ಯಾವಾಗ, ಅದನ್ನ ಹೇಳು.”

ಅವತ್ತಿನಿಂದ ನನ್ನ ತಲೆಯಲ್ಲಿ ಬೇರೆ ವ್ಯಾಪಾರವಿರಲಿಲ್ಲ. ಆಳಂದದಲ್ಲಿ ಕಂಪ್ಯೂಟರ್ ಕಲಿಸುವ ಸುಜಾತಾಳ ಹತ್ತಿರ ಹೋಗಿ, ನೀನು ಕಲಿಸದೆ ಬಿಟ್ಟದ್ದನ್ನೆಲ್ಲ ಕಲಿತೆ. ಮರೆ ತೆಗೆಯುವುದು ಒಂದು ಸಾಲಿನ ಕೆಲಸ. ಆದರೆ ಅಂಗಡಿಯಲ್ಲಿ ಒಬ್ಬನೇ ಕೂತು ತೆಗೆದರೆ ಏನಾಗುತ್ತಿತ್ತು? ಮತ್ತೆ ಜೀಪು, ಮತ್ತೆ ರಾಡು, ಮತ್ತೆ ಎದುರಿನ ಶೆಟರು. ಕಾಣಬೇಕಾದವರು ಕಾಣದೆ ನಾವಷ್ಟೇ ಸಾಯುವುದು ನಷ್ಟದ ಬಾಬತ್ತು. ನಾನು ಕಾದೆ. ಗಿರಾಕಿ ತಾನೇ ಬರುತ್ತಾನೆ ಅಂತ ಗೊತ್ತಿತ್ತು.

ಬಂದ. ಸಾವಕಾರ ಖುದ್ದಾಗಿ, ಬಿಳಿ ಗಾಡಿಯಲ್ಲಿ. ಜೇವರ್ಗಿಯಲ್ಲಿ ಅವನ ಹೊಸ ಮಂಗಲ ಕಾರ್ಯಾಲಯ, ಮದುವೆಯ ಛತ್ರ, ಎದ್ದಿತ್ತು. ಅದರ ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು. ಅವರೆದುರು ಗೋಡೆಯಗಲದ ಪರದೆಯ ಮೇಲೆ ತನ್ನ ಮುಖ ಬೆಳಗಬೇಕು ಅಂತ ಅವನ ಆಸೆ. ಹೊಸ್ತಿಲ ಕಲೆಯ ಮೇಲೆ ಬೂಟು ಇಟ್ಟುಕೊಂಡೇ ನಿಂತ.

“ಆಗಿದ್ದು ಆಗ್ಯದ ತಮ್ಮಾ. ಹುಡುಗ್ರು ಒಂದೀಟು ಜಾಸ್ತಿ ಮಾಡಿದ್ರು. ನಂದೊಂದು ಫೋಟೋ ತೋರ್ಸು, ಸಾಕು.”

“ಆಗಂಗಿಲ್ರಿ ಸಾವಕಾರ್ರ. ಗೌತಮ ಎಲ್ಲಾರ್ನೂ ಒಂದ ಕ್ಲಾಸಿನ್ಯಾಗ ಹಾಕ್ಯಾನ್ರಿ. ತೋರ್ಸಿದ್ರ ಎಲ್ಲಾರೂ, ಮುಚ್ಚಿದ್ರ ಎಲ್ಲಾರೂ.”

“ನನ್ನೂ ಅವ್ರನ್ನೂ? ಒಂದ ಕ್ಲಾಸ?” ಕೆನ್ನೆಗೆ ಹೊಡೆದ ಹಾಗಾಯಿತು ಅವನಿಗೆ. ಅವತ್ತು ಮಾತಿನ ರಾಡು ನನ್ನ ಕೈಯಲ್ಲಿತ್ತು ಕಣೋ. “ಬ್ಯಾರೆ ಮಾಡಲೇ!” ಅಂತ ಗದರಿದ.

“ಬ್ಯಾರೆ ಮಾಡೂದು ಬರ್ತಿದ್ದಾಂವ ಅವನೊಬ್ಬನ ಇದ್ನ್ರಿ. ನಿಮ್ಮ ಹುಡುಗ್ರು ಒಂದೀಟು ಜಾಸ್ತಿ ಮಾಡಿದ್ರಲ್ರೀ.”

ಹಸಿ ಸುಳ್ಳು. ಅಷ್ಟರಲ್ಲಿ ಒಂದು ಅಂಕಿಯಿಂದ ಯಾರನ್ನು ಬೇಕಾದರೂ ಬೇರೆ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಅವನು ತುಟಿ ಕಚ್ಚಿಕೊಂಡು ನಿಂತ. ನಾನು ನನ್ನ ಫೋನಿನಲ್ಲಿ ಒಮ್ಮೆ ಮರೆ ತೆಗೆದು ತೋರಿಸಿದೆ. ಸಣ್ಣ ಪರದೆ, ಕೈ ಮುಗಿದ ಸಾವಕಾರನೊಬ್ಬನೇ ತುಂಬಿಕೊಂಡ. ಉಳಿದವರು ಬೆರಳು ಸರಿಸಿದರಷ್ಟೇ. “ಮ್ಯಾಲ ನಂದ ಬರತದಲ್ಲ, ಮುಗೀತು. ಕೆಳಗ ಯಾವ ನೋಡ್ತಾನ?” ಅಂದ. “ಬಟನ್ ನೀವ ಒತ್ರಿ ಸಾವಕಾರ್ರ. ದೊಡ್ಡವ್ರ ಮುಂದ ಛಂದ ಕಾಣ್ತದ” ಅಂದೆ. ಅವನ ಮುಖ ಅರಳಿತು. ಇಡೀ ಬದುಕಿನಲ್ಲಿ ನಾನು ಮಾರಿದ ಮಾಲುಗಳಲ್ಲಿ ಅದೇ ಅತ್ಯುತ್ತಮ, ಗೌತಮಾ. ನೀನು ಇದ್ದು ನೋಡಬೇಕಾಗಿತ್ತು.

ಉದ್ಘಾಟನೆಯ ಬೆಳಗ್ಗೆ ನಾನೊಂದು ಹೊಸ ಡಬ್ಬಿ ಏರಿಸಿದೆ. ಹಾಕುವುದು ನನ್ನ ಕೆಲಸ ತಾನೇ? ಹೊಸದು ಮೇಲೆ ಬರುತ್ತದೆ ತಾನೇ? ಕನ್ನಡಕ ಹಾಕಿಕೊಂಡ ನಿನ್ನ ಆ ಫೋಟೋ, ಕ್ಲಾಸು ಮಂದಿ. ಕೆಳಗೆ ಒಂದೇ ಮಾತು: ಸಾವಕಾರರ ಬಂಟರು ಶೆಟರಿನಲ್ಲಿ ಕೈ ಜಜ್ಜಿ, ತಲೆಗೆ ರಾಡು ಹೊಡೆದು ಕೊಂದ ನಮ್ಮ ಗೌತಮ.

ಕಾರ್ಯಾಲಯ ತುಂಬಿತ್ತು. ಚಪ್ಪಾಳೆಗೆ ಮಂದಿ ಬೇಕಲ್ಲ, ಮರಳಿನ ಕೂಲಿಯವರನ್ನೇ ಟಿಪ್ಪರಿನಲ್ಲಿ ಹೇರಿ ತಂದು ಹಿಂದೆ ಕೂರಿಸಿದ್ದರು. ಅವರ ನಡುವೆ ನಾಗಮ್ಮ. ವೇದಿಕೆಯಲ್ಲಿ ಲ್ಯಾಪ್‌ಟಾಪಿಗೆ ಹೂವಿನ ಹಾರ, ಕೀಲಿಯ ಮೇಲೆ ಕುಂಕುಮ. ಶಂಖ ಊದಿಸಿದರು. ಸಾವಕಾರ ಕ್ಯಾಮೆರಾ ಕಡೆ ನೋಡಿ, ಉಂಗುರದ ಬೆರಳಿನಿಂದ ಒತ್ತಿದ.

ಗೋಡೆಯಗಲದ ಪರದೆ, ಮೂವರೂ ಒಟ್ಟಿಗೆ ಅದರಲ್ಲಿ ಹಿಡಿಸಿದರು. ಮೇಲೆ ನೀನು. ಕೆಳಗೆ ಯಲ್ಲಾಲಿಂಗ. ನಡುವೆ ಕೈ ಮುಗಿದುಕೊಂಡು ಅವನು, ಇಬ್ಬರನ್ನೂ ಬೇಡಿಕೊಳ್ಳುವವನ ಹಾಗೆ. ಕೂಲಿಯವರಿಗೆ ಓದಲು ಬರುವುದಿಲ್ಲ ಅಂತ ಅವನು ಧೈರ್ಯವಾಗಿದ್ದ. ಮುಖ ಓದಲು ಶಾಲೆ ಬೇಕೇನು? “ಯಲ್ಲಾಲಿಂಗ!” ಅಂತ ಒಬ್ಬ ಕೂಗಿದ. ನಾಗಮ್ಮ ಎದ್ದು ನಿಂತಳು. ಚೀರಲಿಲ್ಲ. ನಡುದಾರಿಯಲ್ಲಿ ಪರದೆಯ ಕಡೆಗೆ ನಡೆದಳು, ಅಷ್ಟೇ. ಪರಶ್ಯಾ ಓಡಿಬಂದು ಅವಳ ಜುಟ್ಟು ಹಿಡಿದು ಎಳೆದ. ಅದು ಅವನ ತಪ್ಪು ಲೆಕ್ಕ. ಅವಳ ಕೂಡ ಕುಣಿ ತೋಡಿದ್ದ ಕೈಗಳೆಲ್ಲ ಅಲ್ಲೇ ಇದ್ದವು.

ಕುರ್ಚಿಗಳು ಹಾರಿದವು. ಪರಶ್ಯಾನ ತಲೆಯ ಮೇಲೆ ಕಬ್ಬಿಣದ ಕುರ್ಚಿ ಮುರಿಯಿತು, ಅವನ ಹಲ್ಲು ಕುಂಕುಮದ ತಟ್ಟೆಯಲ್ಲಿ ಬಿದ್ದವು. ಬಂಟರು ಟಿಪ್ಪರಿನಿಂದ ರಾಡು ತಂದರು. ಒಬ್ಬ ಕೂಲಿಯವನ ಹೆಗಲು ಕಳಚಿತು, ಒಬ್ಬಳ ಹಣೆ ಸೀಳಿತು. ಆದರೂ ಹಿಂದಿನ ಸಾಲು ಮುಂದೆ ಬರುತ್ತಲೇ ಇತ್ತು. ದೊಡ್ಡವರು ಅಡುಗೆಮನೆಯ ಬಾಗಿಲಿಂದ ಜಾಗ ಖಾಲಿ ಮಾಡಿದರು. ಸಾವಕಾರ ನನ್ನ ಕೊರಳು ಹಿಡಿದು, “ಮುಚ್ಚಲೇ! ಮುಚ್ಚು!” ಅಂತ ಅರಚಿದ. ನಾನು ಅಂದೆ, “ಮುಚ್ಚಿದ್ರ ನೀವೂ ಹೋಗ್ತೀರಿ ಸಾವಕಾರ್ರ.” ಆಗಲೇ ಅವನು ಲ್ಯಾಪ್‌ಟಾಪನ್ನು ಎತ್ತಿ ನನ್ನ ದವಡೆಗೆ ಬೀಸಿದ್ದು. ಬಿದ್ದ ಮೇಲೆ ನನಗೆ ಕಂಡದ್ದು ನೆಲ, ಕಾಲುಗಳು, ಹೂವು, ರಕ್ತ. ಪರದೆ ಹರಿದಿತ್ತು. ಆದರೆ ಎಲ್ಲರ ಕೈಯಲ್ಲಿ ಫೋನಿತ್ತು, ಎಲ್ಲ ಫೋನಿನಲ್ಲಿ ನೀನಿದ್ದೆ.

ಈಗ ಆಮೇಲಿನ ಸುದ್ದಿ. ಕೂಲಿಯವರು ಕಟ್ಟಿದ ಬ್ಯಾಂಡೇಜಿನಲ್ಲೇ ಸಾಲಾಗಿ ನಿಂತು ಹೇಳಿಕೆ ಕೊಟ್ಟರು, ಕುಣಿಯದ್ದು. ಚಹಾದಂಗಡಿಯವನೂ ಬಂದ. ಶೆಟರಿನಲ್ಲಿ ಸಂದಿಯಿರುತ್ತದೆ, ಸಂದಿಯಲ್ಲಿ ಎಲ್ಲ ಕಂಡಿದ್ದೆ ಅಂತ ಅತ್ತ. ಟ್ರ್ಯಾಕ್ಟರ್, ಶೆಟರ್ ಎರಡೂ ಕಾಗದದಿಂದ ಹೋದವು. ಎರಡೂ ಕಡೆ ಕೊಲೆ ಎಂಬ ಪದ ಬಂತು. ಸಾವಕಾರನನ್ನು ಹಿಡಿದ ಕೂಡಲೇ ಅವನಿಗೆ ಎದೆ ನೋವು ಬಂತು, ರಿವಾಜಿನ ಪ್ರಕಾರ. ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಸ್ಪೆಷಲ್ ವಾರ್ಡಿನಲ್ಲಿದ್ದಾನೆ, ಬಾಗಿಲಲ್ಲಿ ಪೊಲೀಸರಿದ್ದಾರೆ. ನಾನು ಕೆಳಗೆ ಜನರಲ್ ವಾರ್ಡು. ಇಲ್ಲಿ ಮಾತ್ರ ಕ್ಲಾಸು ಬೇರೆ. ಅವನ ಬಂಟರಲ್ಲಿ ಕೆಲವರು ಇನ್ನೂ ಸಿಕ್ಕಿಲ್ಲ. ನಿನ್ನೆ ಒಬ್ಬ ನನ್ನ ಮಂಚದ ಹತ್ತಿರ ಬಂದು, ಕಿತ್ತಳೆ ಹಣ್ಣು ಇಟ್ಟು, “ಅಂಗಡಿ ಯಾವಾಗ ತಗೀತೀ?” ಅಂತ ಕೇಳಿ ಹೋದ. ಕಿತ್ತಳೆ ತಿನ್ನಲಾಗದ ಬಾಯಿ ಅಂತ ಗೊತ್ತಿದ್ದೇ ತಂದಿದ್ದ.

ತೆಗೆಯುತ್ತೇನೆ. ತಂತಿ ಬಿಚ್ಚಿದ ಮರುದಿನವೇ ಆ ಶೆಟರು ಎತ್ತುತ್ತೇನೆ. ಯಾರಿಗೂ ಐಡಿ ಕೊಡುವುದಿಲ್ಲ, ಎಷ್ಟೇ ದೊಡ್ಡ ಗಿರಾಕಿಯಾದರೂ. ನಾಗಮ್ಮ ನಿನ್ನೆ ಗಂಜಿ ತಂದಿದ್ದಳು. ಉಗುರು ಮತ್ತೆ ಬರುತ್ತಿದೆ, ತೋರಿಸಿದಳು. ಇನ್ನೊಂದು ಕೆಲಸ ಮಾಡಿದ್ದೇನೆ, ಇಲ್ಲಿಯವರೆಗೆ ಸುಜಾತಾಳಿಗೆ ಮಾತ್ರ ಗೊತ್ತು. ಈ ಮಂಚದ ಮೇಲಿಂದಲೇ, ಫೋನಿನಲ್ಲಿ, ಪುಟಕ್ಕೆ ಇನ್ನೊಂದು ಡಬ್ಬಿ ಏರಿಸಿದೆ. ಹೋಗಿ ನೋಡಿದವರಿಗೆ ನಿನ್ನ ಫೋಟೋದ ಮೇಲೆ ಒಂದು ಖಾಲಿ ಜಾಗ ಕಾಣುತ್ತದೆ, ಬಿಳಿಯದು, ಮುಖದಷ್ಟು. ಅದರಲ್ಲಿ ನನ್ನ ಫೋಟೋ ಇದೆ, ಆ ಬಂಟರೆಲ್ಲರ ಹೆಸರುಗಳಿವೆ, ಕ್ಲಾಸು ಮಂದಿ. ನನಗೇನಾದರೂ ಆದರೆ ಸುಜಾತಾ ಒಂದು ಪದ ಬದಲಿಸಿದರೆ ಸಾಕು, ಎಲ್ಲ ಕಾಣುತ್ತದೆ. ಎರಡನೆಯ ಬಗೆಯ ಮರೆ ಹಾಕಿದ್ದೇನೆ, ನೀನು ಕಲಿಸಿದ್ದು. ಜಾಗ ಬಿಟ್ಟಿಲ್ಲ. ಕಾಣುವುದಿಲ್ಲ, ಅಷ್ಟೇ.

ನಿನ್ನ
ಶಿವ್ಯಾ